ಸಂಪಾದಕರ ಉತ್ತರ: ವೆಂಟಿಲೇಟರ್‌ಗೆ ಒಪ್ಪಿದ್ದು ತಪ್ಪಾ?

ಓದುಗರೊಬ್ಬರು ಪತ್ರ ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ತಂದೆ ನ್ಯುಮೋನಿಯಾ ಆಗಿ ಐಸಿಯು ಸೇರಿದ್ದರು. ಉಸಿರಾಟ ಕೈಕೊಟ್ಟಾಗ ಡಾಕ್ಟರು ವೆಂಟಿಲೇಟರ್ ಹಾಕಬೇಕು ಅಂದರು. ಮಗ ಸಹಿ ಹಾಕಿದರು. ವಾರ ಕಳೆದ ಮೇಲೆ ತಂದೆ ತೀರಿಕೊಂಡರು. ತಿಥಿಗೆ ಬಂದ ನೆಂಟರು, "ವೆಂಟಿಲೇಟರ್ ಹಾಕಿದ ಮೇಲೆ ಯಾರು ವಾಪಸ್ ಬರ್ತಾರೆ?" ಅಂದರಂತೆ. "ನಾನು ಸಹಿ ಹಾಕದಿದ್ರೆ ಅಪ್ಪ ಬದುಕ್ತಿದ್ರಾ? ಸತ್ತ ಮೇಲೂ ಬಿಲ್ಲಿಗೋಸ್ಕರ ಮಷೀನ್ ಓಡಿಸ್ತಾರಂತೆ, ನಿಜವಾ?" ಎಂದು ಕೇಳಿದ್ದಾರೆ.

ನಿಮ್ಮ ತಂದೆಯ ಕೇಸ್ ಶೀಟ್ ನಾನು ನೋಡಿಲ್ಲ. ಆದರೂ ಇಷ್ಟು ಹೇಳಬಲ್ಲೆ: ಡಾಕ್ಟರು ಆ ಸಹಿ ಕೇಳುವುದು ರೋಗಿ ಉಸಿರಾಡಿ ಉಸಿರಾಡಿ ಸುಸ್ತಾದಾಗ. ಸಹಿ ಹಾಕದೇ ಇದ್ದಿದ್ದರೆ ಅವರು ಏದುಸಿರು ಬಿಡುತ್ತಾ ಇನ್ನೂ ಬೇಗ ಹೋಗುವ ಸಾಧ್ಯತೆಯೇ ಜಾಸ್ತಿ ಇತ್ತು. ಆ ಹೊರೆ ಹೊರಬೇಡಿ.

ವೆಂಟಿಲೇಟರ್ ರೋಗ ವಾಸಿ ಮಾಡುವುದಿಲ್ಲ. ಅದು ಗಾಳಿಯನ್ನು ಒತ್ತಡದಿಂದ ಒಳಗೆ ತಳ್ಳುತ್ತದೆ, ಆಕ್ಸಿಜನ್ ತಲುಪಿಸುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಹೋಗಲು ಬಿಡುತ್ತದೆ, ದಣಿದ ಸ್ನಾಯುಗಳಿಗೆ ಬಿಡುವು ಕೊಡುತ್ತದೆ. ನ್ಯುಮೋನಿಯಾ ಜೊತೆ ಹೋರಾಡುವುದು ಔಷಧಿ ಮತ್ತು ರೋಗಿಯ ದೇಹ. ಅವೆರಡಕ್ಕೂ ಬೇಕಾದ ಸಮಯವನ್ನು ಮಷೀನ್ ಒದಗಿಸುತ್ತದೆ, ಅಷ್ಟೇ.

ಈ ಪದ್ಧತಿ ಬೇರೂರಿದ್ದೇ ಹಾಗೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯು ಸೋತ ರೋಗಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯೊಬ್ಬಳ ಗಂಟಲಲ್ಲಿ ರಂಧ್ರ ಮಾಡಿಸಿ, ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟರು. ಅವಳು ಬದುಕಿದಳು. ಆಮೇಲೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲೂ ರಾತ್ರಿ ಕೈಯಿಂದಲೇ ಚೀಲ ಒತ್ತಿದರು. ಸಾವು ಅರ್ಧಕ್ಕಿಳಿಯಿತು.

"ಯಾರೂ ವಾಪಸ್ ಬರಲ್ಲ" ಅನ್ನುವವರಿಗೆ ನಮ್ಮ ಹಳ್ಳಿಗಳ ಹಾವು ಕಡಿತದ ರೋಗಿಗಳನ್ನು ತೋರಿಸಬೇಕು. ಕಟ್ಟುಹಾವು ಕಚ್ಚಿದರೆ ಉಸಿರಾಟದ ಸ್ನಾಯುಗಳು ಶಕ್ತಿ ಕಳೆದುಕೊಳ್ಳುತ್ತವೆ, ಶ್ವಾಸಕೋಶ ಮಾತ್ರ ಚೆನ್ನಾಗೇ ಇರುತ್ತದೆ. ಸಕಾಲಕ್ಕೆ ವೆಂಟಿಲೇಟರ್ ಸಿಕ್ಕಿ, ವಿಷ ಇಳಿಯುವವರೆಗೆ ಕೆಲವು ದಿನ ತಳ್ಳಿದರೆ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಶ್ವಾಸಕೋಶವೇ ಕೆಟ್ಟು, ಜೊತೆಗೆ ಕಿಡ್ನಿ, ಹೃದಯವೂ ಸೋತ ವಯಸ್ಸಾದವರ ಕಥೆ ಬೇರೆ. ಮಷೀನ್ ಒಂದೇ, ಕಾಯಿಲೆ ಬೇರೆ.

ಹಾಗಂತ ಮಷೀನ್‌ನಿಂದ ಕೆಡುಕೇ ಇಲ್ಲ ಅಂತಲ್ಲ. ಗಾಳಿ ಜಾಸ್ತಿ ತುಂಬಿದರೆ ಊದಿಕೊಂಡ ಶ್ವಾಸಕೋಶಕ್ಕೆ ಇನ್ನಷ್ಟು ಪೆಟ್ಟು ಬೀಳುತ್ತದೆ. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ, 861 ರೋಗಿಗಳ ಅಧ್ಯಯನ ಇದನ್ನು ಸಾಬೀತು ಮಾಡಿತು. ಪ್ರತಿ ಉಸಿರಿಗೆ ಕೆಜಿಗೆ 12 ಮಿ.ಲೀ. ಗಾಳಿ ಕೊಟ್ಟ ಕಡೆ ನೂರಕ್ಕೆ ಸುಮಾರು 40 ಮಂದಿ ಸತ್ತರು. 6 ಮಿ.ಲೀ. ಕೊಟ್ಟ ಕಡೆ 31. ಈ ಕೆಜಿ ಲೆಕ್ಕ ಎತ್ತರದ್ದು, ತಕ್ಕಡಿಯದ್ದಲ್ಲ. 170 ಸೆಂ.ಮೀ. ಎತ್ತರದ ಗಂಡಸು 90 ಕೆಜಿ ತೂಗಿದರೂ 66 ಕೆಜಿ ಅಂತಲೇ ಹಿಡಿಯಬೇಕು. ಹೊಟ್ಟೆ ಬೆಳೆದರೆ ಶ್ವಾಸಕೋಶ ಬೆಳೆಯುವುದಿಲ್ಲವಲ್ಲ. ಅಂಥವರಿಗೆ ಒಂದು ಉಸಿರಿಗೆ ಸುಮಾರು 400 ಮಿ.ಲೀ. ಸಾಕು. ಒಳ್ಳೆಯ ಐಸಿಯುವಿನಲ್ಲಿ ಟೇಪ್ ಹಿಡಿದು ರೋಗಿಯ ಎತ್ತರ ಅಳೆಯುವುದು ಇದಕ್ಕೇ.

ಗಂಟಲಿಗೆ ಇಳಿಸಿದ ಕೊಳವೆಯಿಂದ ಸೋಂಕಿನ ಭಯವೂ ಇದೆ. ಅದಕ್ಕೇ ಮಂಚದ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿಡುತ್ತಾರೆ, ಬಾಯಿ ಸ್ವಚ್ಛ ಮಾಡುತ್ತಿರುತ್ತಾರೆ. ಸಾಧ್ಯವಾದಾಗೆಲ್ಲ ದಿನಕ್ಕೊಮ್ಮೆ ನಿದ್ದೆ ಔಷಧಿ ನಿಲ್ಲಿಸಿ, ಅರ್ಧ ಗಂಟೆಯಿಂದ ಎರಡು ಗಂಟೆ ರೋಗಿ ತಾನೇ ಉಸಿರಾಡಬಲ್ಲನಾ ಎಂದು ನೋಡುತ್ತಾರೆ. ಮನೆಯವರು ಕೇಳಬೇಕಾದ್ದು ಇದನ್ನೇ: ಇವತ್ತು ಆ ಪರೀಕ್ಷೆ ಮಾಡಿದ್ರಾ? ಮಷೀನ್ ಕೊಡುವ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟು ಓಡ್ತಿದೆ, ನೆನ್ನೆ ಎಷ್ಟಿತ್ತು? 80ರಿಂದ 40ಕ್ಕೆ ಬಂದಿದ್ದರೆ ಒಳ್ಳೆಯ ಸೂಚನೆ.

ಇನ್ನು ಸತ್ತವರ ಮಾತು. ಹೃದಯ ನಿಂತ ಮೇಲೂ ಮಷೀನ್ ಎದೆಯನ್ನು ಏರಿಳಿಸಬಹುದು, ನಿಜ. ಆದರೆ ರಕ್ತ ಓಡದ ದೇಹ ತಣ್ಣಗಾಗುತ್ತದೆ, ಕೆಲವು ಗಂಟೆಯಲ್ಲಿ ಸೆಟೆದುಕೊಳ್ಳುತ್ತದೆ. ದಿನಗಟ್ಟಲೆ ಬಚ್ಚಿಡಲು ಆಗದು. ಗೊಂದಲ ಹುಟ್ಟುವುದು ಮೆದುಳು ಸತ್ತಾಗ. ಆಗ ಹೃದಯ ಬಡಿಯುತ್ತಲೇ ಇರುತ್ತದೆ, ಮೈ ಬೆಚ್ಚಗಿರುತ್ತದೆ. ಅಂಗಾಂಗ ಕಸಿಯ 1994ರ ಕಾಯ್ದೆಯ ಪ್ರಕಾರ ಅದನ್ನು ದೃಢಪಡಿಸಲು ನಾಲ್ವರು ಡಾಕ್ಟರು ಬೇಕು, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಆಗಬೇಕು. ಆಕ್ಸಿಜನ್ ಕೊಡುತ್ತಲೇ ವೆಂಟಿಲೇಟರ್ ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಎದೆ ಒಮ್ಮೆಯಾದರೂ ಅಲುಗುತ್ತದಾ ಎಂದು ನೋಡುತ್ತಾರೆ.

ಬಿಲ್ಲಿನ ಅನುಮಾನ ಬೆಳೆಯುವುದು ಡಾಕ್ಟರು ಮಾತಾಡದ ಕಡೆ. ದಿನಕ್ಕೊಂದು ಸಲ ಮನೆಯವರನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳುವುದು ಚಿಕಿತ್ಸೆಯದೇ ಭಾಗ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಗುಣವಾಗುವ ಭರವಸೆಯೇ ಇಲ್ಲ ಎಂದಾದಾಗ ಮಷೀನ್ ನಿಲ್ಲಿಸಲೂ ಕಾನೂನಿನ ದಾರಿ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ನಿಯಮ ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದಕ್ಕೆ ಆದೇಶ ಹೊರಡಿಸಿತು. ಆಸ್ಪತ್ರೆಯಲ್ಲಿ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಇರಬೇಕು. ತನಗೆ ಏನು ಬೇಕು, ಏನು ಬೇಡ ಎಂದು ಯಾರಾದರೂ ಆರೋಗ್ಯವಾಗಿರುವಾಗಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರಾಯಿತು.