ಅದೇ ಕೈ, ಅದೇ ಯೂನಿಯನ್, ಬೇರೆ ಕಾರು

ಅಮೆರಿಕದ ಮಿಷಿಗನ್‌ನಿಂದ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇದು: "ಕಳೆದ ಸಂಚಿಕೆಯಲ್ಲಿ ಡೆಟ್ರಾಯಿಟ್ ಬಗ್ಗೆ ಬರೆಯುವಾಗ ಕಾರ್ಮಿಕ ಸಂಘದ ವಿಷಯದಲ್ಲಿ ನೀವು ತೀರಾ ಮೆತ್ತಗಾದಿರಿ. ನಾನು ಇಲ್ಲಿನ ಕಾರು ಉದ್ಯಮದಲ್ಲೇ ಎಂಜಿನಿಯರ್. ಗಂಟೆಗೆ 70 ಡಾಲರ್ ಎಣಿಸಿಕೊಂಡು, ಕೆಲಸವಿಲ್ಲದೆ ಕೂತವರಿಗೂ ಸಂಬಳ ಕೊಡಿಸಿ, ಕಂಪನಿಗಳನ್ನು ದಿವಾಳಿ ಎಬ್ಬಿಸಿದವರು ಇವರೇ. ಯೂನಿಯನ್ ಕಾಟವಿಲ್ಲದ ಜಪಾನಿನವರು ಗೆದ್ದರು. ಬಿಡದಿಯ ಕಾರ್ಖಾನೆಯೊಂದಕ್ಕೆ ಸೇರಿರುವ ನನ್ನ ತಂಗಿಯ ಮಗ 'ಮಾವ, ಯೂನಿಯನ್ ಸದಸ್ಯನಾಗಲಾ?' ಎಂದು ಕೇಳಿದ. ಬೇಡ ಎಂದೆ. ತಪ್ಪು ಹೇಳಿದೆನೇ?"

ಮಾನ್ಯರೇ,

ನಿಮ್ಮ ಸಿಟ್ಟು ಪೇಪರ್ ಓದಿ ಬಂದದ್ದಲ್ಲ, ಕಣ್ಣೆದುರು ಕಂಡು ಬಂದದ್ದು. ಹಾಗಾಗಿ ನಾಲ್ಕು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಮೊದಲು ಆ 70 ಡಾಲರ್ ಲೆಕ್ಕ. 2008ರಲ್ಲಿ ಜನರಲ್ ಮೋಟಾರ್ಸ್ (ಜಿ.ಎಂ.) ಮತ್ತು ಕ್ರೈಸ್ಲರ್ ಕಾರು ಕಂಪನಿಗಳು ನೆರವು ಕೇಳಿ ಸರ್ಕಾರದ ಬಾಗಿಲಿಗೆ ಹೋದಾಗ ಈ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು. ಕಾರು ಜೋಡಿಸುವ ಲೈನಿನಲ್ಲಿ ನಿಂತು ದುಡಿಯುವ ಹಳೇ ನೌಕರನ ಕೈಗೆ ಬರುತ್ತಿದ್ದದ್ದು ಗಂಟೆಗೆ ಸುಮಾರು 28 ಡಾಲರ್. ಅದರ ಮೇಲೆ ಅವನ ವಿಮೆ, ರಜೆ ಇತ್ಯಾದಿ ಸೇರಿಸಿ, ಆಮೇಲೆ ಎಂದೋ ನಿವೃತ್ತರಾದ ಲಕ್ಷಾಂತರ ಜನರ ಪಿಂಚಣಿ ಮತ್ತು ಔಷಧದ ಖರ್ಚನ್ನೂ ಈಗ ದುಡಿಯುತ್ತಿರುವವರ ಗಂಟೆಗಳ ಮೇಲೆ ಹಂಚಿದಾಗ 70 ಆಗುತ್ತದೆ. ಆ ಹೊತ್ತಿಗೆ ಜಿ.ಎಂ.ನಲ್ಲಿ ದುಡಿಯುವ ಒಬ್ಬನಿಗೆ ನಾಲ್ಕಕ್ಕೂ ಹೆಚ್ಚು ನಿವೃತ್ತರಿದ್ದರು. ಅಜ್ಜನ ಆಸ್ಪತ್ರೆ ಬಿಲ್ಲನ್ನು ಮೊಮ್ಮಗನ ಸಂಬಳದ ಚೀಟಿಯಲ್ಲಿ ಬರೆದ ಹಾಗೆ. ಆ ಖರ್ಚು ಸುಳ್ಳು ಎನ್ನುತ್ತಿಲ್ಲ. ಪ್ರತಿ ಕಾರಿನ ಮೇಲೆ ಆರೋಗ್ಯ ವಿಮೆಗೇ ಸುಮಾರು 1,500 ಡಾಲರ್ ಬೀಳುತ್ತಿದೆ ಎಂದು ಜಿ.ಎಂ. ತಾನೇ ಹೇಳಿಕೊಳ್ಳುತ್ತಿತ್ತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹೊಸದಾಗಿ ಕಾರ್ಖಾನೆ ತೆರೆದು ಎಳೇ ವಯಸ್ಸಿನವರನ್ನು ಸೇರಿಸಿಕೊಂಡ ಜಪಾನಿ ಕಂಪನಿಗಳಿಗೆ ಈ ಹೊರೆ ಇರಲಿಲ್ಲ. ಇಷ್ಟರ ಮಟ್ಟಿಗೆ ನಿಮ್ಮ ಮಾತು ನಿಜ.

ಆದರೆ ಈ ಹೊರೆ ಕಂಪನಿಗಳ ತಲೆಯ ಮೇಲೆ ಬಂದು ಕೂತದ್ದು ಹೇಗೆ?

1936ರ ಡಿಸೆಂಬರ್ 30ರಂದು ಫ್ಲಿಂಟ್ ಊರಿನ ಜಿ.ಎಂ. ಕಾರ್ಖಾನೆಯ ಕೆಲಸಗಾರರು ಯಂತ್ರ ನಿಲ್ಲಿಸಿ ಅಲ್ಲೇ ಕೂತುಬಿಟ್ಟರು. ಹೊರಗೆ ಹೋದರೆ ಬದಲಿ ಜನ ತಂದು ಲೈನ್ ಓಡಿಸುತ್ತಾರೆ, ಒಳಗೇ ಇದ್ದರೆ ಯಾರನ್ನು ತಂದಾರು? ಕಾರಿಗೆ ಜೋಡಿಸಬೇಕಿದ್ದ ಸೀಟುಗಳ ಮೇಲೇ ಮಲಗಿದರು. ಮಿಷಿಗನ್‌ನ ಚಳಿ ಎಂಥದ್ದೆಂದು ನಿಮಗೆ ನಾನು ಹೇಳಬೇಕಿಲ್ಲ. ಆ ಜನವರಿಯಲ್ಲಿ ಒಂದು ಕಟ್ಟಡಕ್ಕೆ ಬಿಸಿಗಾಳಿ ನಿಲ್ಲಿಸಿ, ಊಟ ಒಳಗೆ ಹೋಗದಂತೆ ತಡೆದು, ಪೊಲೀಸರನ್ನು ಬಿಟ್ಟರು. ಅಶ್ರುವಾಯು, ಗುಂಡು. ಒಳಗಿದ್ದವರು ಬೆಂಕಿ ಆರಿಸುವ ಕೊಳವೆಯಿಂದ ನೀರು ಹಾರಿಸಿ, ಕೈಗೆ ಸಿಕ್ಕ ಬಾಗಿಲಿನ ಕೀಲುಗಳನ್ನೇ ಎಸೆದು ಪೊಲೀಸರನ್ನು ಓಡಿಸಿದರು. 44 ದಿನ ಕೂತರು. ಗವರ್ನರ್ ಫ್ರ್ಯಾಂಕ್ ಮರ್ಫಿ ಸೈನ್ಯ ಕರೆಸಿದರೂ ಕೆಲಸಗಾರರನ್ನು ಹೊರದಬ್ಬಲು ಅದನ್ನು ಬಳಸಲಿಲ್ಲ. 1937ರ ಫೆಬ್ರುವರಿ 11ರಂದು ಜಿ.ಎಂ. ಅವರ ಯೂನಿಯನ್ನಿಗೆ, ಅಂದರೆ ಯುನೈಟೆಡ್ ಆಟೊ ವರ್ಕರ್ಸ್‌ಗೆ (ಯು.ಎ.ಡಬ್ಲ್ಯು.), ಮನ್ನಣೆ ಕೊಟ್ಟಿತು. ಅವರ ದೊಡ್ಡ ದೂರು ಕೂಲಿಯದಲ್ಲ, ಲೈನಿನ ವೇಗದ್ದು. ಈ ಮಾತು ನೆನಪಿರಲಿ, ಬಿಡದಿಗೆ ಬಂದಾಗ ಬೇಕಾಗುತ್ತದೆ.

ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಯೂನಿಯನ್ ನಾಯಕ ವಾಲ್ಟರ್ ರೂಥರ್ ಮುಂದಾಳತ್ವದಲ್ಲಿ ಜಿ.ಎಂ.ನಲ್ಲಿ 113 ದಿನದ ಮುಷ್ಕರ ನಡೆಯಿತು. ಬೇಡಿಕೆ ವಿಚಿತ್ರವಾಗಿತ್ತು: ಕೂಲಿ ಶೇ. 30 ಏರಿಸಿ, ಆದರೆ ಕಾರಿನ ಬೆಲೆ ಏರಿಸಬೇಡಿ; ಆಗದು ಎನ್ನುವುದಾದರೆ ಲೆಕ್ಕದ ಪುಸ್ತಕ ತೆರೆದು ತೋರಿಸಿ. ಜಿ.ಎಂ. ಕೂಲಿಯ ಮಾತಿಗೆ ಒಂದಷ್ಟು ಬಗ್ಗಿತು, ಪುಸ್ತಕದ ಮಾತಿಗೆ ಒಂದಿಂಚೂ ಬಗ್ಗಲಿಲ್ಲ. 1949ರಲ್ಲಿ ಇದೇ ಯೂನಿಯನ್ 'ಸಾಮಾನ್ಯರ ಕೈಗೆಟುಕುವ ಸಣ್ಣ ಕಾರು ಮಾಡಿ' ಎಂದು ಕಂಪನಿಗಳನ್ನು ಕೇಳಿತ್ತು. ಪುಟ್ಟ ಜಪಾನಿ ಕಾರುಗಳು ಅಮೆರಿಕದ ಬೀದಿ ತುಂಬುವುದಕ್ಕೆ ಇನ್ನೂ ಇಪ್ಪತ್ತೈದು ವರ್ಷವಿದ್ದಾಗ! ಯಾವ ಕಾರು ಮಾಡಬೇಕೆಂದು ಹೇಳಲು ನೀವ್ಯಾರು ಎಂಬುದೇ ಉತ್ತರವಾಯಿತು.

ಆಮೇಲೆ ಬಂತು 1950ರ ಮೇ ತಿಂಗಳು, 'ಡೆಟ್ರಾಯಿಟ್ ಒಪ್ಪಂದ'. ಐದು ವರ್ಷದ ಕರಾರು. ತುಟ್ಟಿಭತ್ಯೆ, ವರ್ಷವರ್ಷಕ್ಕೆ ಏರಿಕೆ, ಸರ್ಕಾರದ ಪಾಲೂ ಸೇರಿ ತಿಂಗಳಿಗೆ 125 ಡಾಲರ್ ಪಿಂಚಣಿ, ಆರೋಗ್ಯ ವಿಮೆಯಲ್ಲಿ ಕಂಪನಿಯ ಪಾಲು. ರೂಥರ್‌ಗೆ ನಿಜವಾಗಿ ಬೇಕಿದ್ದದ್ದು ಇಡೀ ದೇಶಕ್ಕೆ ಸರ್ಕಾರವೇ ನಡೆಸುವ ವಿಮೆ. ಅದು ವಾಷಿಂಗ್ಟನ್ನಿನಲ್ಲಿ ಮುಗ್ಗರಿಸಿದಾಗ ಕಂಪನಿಯಿಂದಲೇ ವಸೂಲು ಮಾಡಿದರು. ಜಿ.ಎಂ. ಸಂತೋಷದಿಂದಲೇ ಸಹಿ ಹಾಕಿತು, ಯಾಕೆಂದರೆ ಅದಕ್ಕೆ ಸಿಕ್ಕಿದ್ದು ಚಿಕ್ಕದಲ್ಲ: ಐದು ವರ್ಷ ಮುಷ್ಕರದ ಭಯವಿಲ್ಲ, ಮತ್ತು ಏನು ತಯಾರಿಸಬೇಕು, ಹೇಗೆ, ಎಷ್ಟು ಬೆಲೆಗೆ ಎಂಬುದರಲ್ಲಿ ಯೂನಿಯನ್ ತಲೆಹಾಕುವುದಿಲ್ಲ. ನನ್ನನ್ನು ಕೇಳಿದರೆ, ಯೂನಿಯನ್ ಸೋತದ್ದು ಜಿ.ಎಂ. ದಿವಾಳಿಯಾದ 2009ರಲ್ಲಲ್ಲ, ಎಲ್ಲರೂ ಗೆಲುವೆಂದು ಕುಣಿದ ಆ ದಿನ. ಮಾತಾಡುವ ಹಕ್ಕು ಬಿಟ್ಟುಕೊಟ್ಟು ಜೇಬು ತುಂಬಿಸಿಕೊಂಡರು.

ಅದೇ 1950ರಲ್ಲಿ ಜಪಾನಿನಲ್ಲಿ ಟೊಯೊಟಾದ ಗತಿ ನೆಟ್ಟಗಿರಲಿಲ್ಲ. ಕೆಲಸದಿಂದ ತೆಗೆಯುವ ವಿಚಾರಕ್ಕೆ ಎರಡು ತಿಂಗಳ ಮುಷ್ಕರ ನಡೆದು, ಕೊನೆಗೆ ಕಂಪನಿ ಕಟ್ಟಿದ ಕಿಇಚಿರೊ ಟೊಯೊಡಾ ಅವರೇ ಅಧ್ಯಕ್ಷ ಸ್ಥಾನ ಬಿಟ್ಟರು. ಜಪಾನಿನವರಿಗೆ ಯೂನಿಯನ್ ಕಾಟವಿಲ್ಲ ಎಂದಿದ್ದೀರಿ. ಟೊಯೊಟಾದಲ್ಲಿ ಅಂದೂ ಯೂನಿಯನ್ ಇತ್ತು, ಇಂದೂ ಇದೆ. ಡೆಟ್ರಾಯಿಟ್‌ನಂತೆ ಕಾದಾಡುವ ಯೂನಿಯನ್ ಅಲ್ಲ ಅನ್ನಿ. ಆದರೆ ಉಳಿದವರ ಕೆಲಸಕ್ಕೆ ಕೈಹಾಕುವುದಿಲ್ಲ ಎಂಬ ನಂಬಿಕೆ ಹುಟ್ಟಿದ್ದು ಆ ಜಗಳದಿಂದಲೇ. ಕೆಲಸಗಾರ ಹೇಳಿದ್ದನ್ನು ಕೇಳುವ ಟೊಯೊಟಾ ಪದ್ಧತಿ ನಿಂತಿರುವುದೂ ಆ ನಂಬಿಕೆಯ ಮೇಲೆ.

ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬನ್ನಿ. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯೂ ಇಲ್ಲ, ಇದಕ್ಕಿಂತ ಕೆಟ್ಟ ಸಾಕ್ಷಿಯೂ ಇಲ್ಲ. ಅಲ್ಲಿನ ಜಿ.ಎಂ. ಕಾರ್ಖಾನೆ ಹೆಸರು ಕೆಡಿಸಿಕೊಂಡಿತ್ತು. ಐವರಲ್ಲಿ ಒಬ್ಬ ದಿನವೂ ಚಕ್ಕರ್. ಪಾಳಿಯಲ್ಲೇ ಕುಡಿತ. ಮೇಲಿನವರ ಮೇಲಿನ ಸಿಟ್ಟಿಗೆ ಬಾಗಿಲಿನ ಒಳಗೆ ಖಾಲಿ ಬಾಟಲಿ ಬಿಟ್ಟು ಮುಚ್ಚಿ ಕಳಿಸುತ್ತಿದ್ದೆವು, ಕಾರು ಕೊಂಡವನಿಗೆ ಗಡಗಡ ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತೇ ಆಗಬಾರದು ಎಂದು ಅಲ್ಲಿದ್ದವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಲ್ಲಿ ಒಂದೇ ಒಂದು ಮಹಾಪಾಪವಿತ್ತು, ಲೈನ್ ನಿಲ್ಲಿಸುವುದು. ಬೋಲ್ಟ್ ಇಲ್ಲದಿದ್ದರೂ, ಭಾಗ ತಪ್ಪಿ ಜೋಡಿಸಿದ್ದರೂ ಕಾರು ಮುಂದಕ್ಕೆ ಹೋಗಬೇಕು, ಹೊರಗಿನ ಅಂಗಳದಲ್ಲಿ ಬೇರೆಯವರು ಬಿಚ್ಚಿ ಸರಿಮಾಡುತ್ತಾರೆ. ಮ್ಯಾನೇಜರನ ಲೆಕ್ಕ ಎಷ್ಟು ಕಾರು ಹೊರಬಿತ್ತು ಎಂಬುದಷ್ಟೇ. 1982ರಲ್ಲಿ ಬೀಗ ಬಿತ್ತು.

ಎರಡು ವರ್ಷದ ನಂತರ ಜಿ.ಎಂ. ಮತ್ತು ಟೊಯೊಟಾ ಜೊತೆಗೂಡಿ ಅದೇ ಕಾರ್ಖಾನೆಯನ್ನು ನುಮ್ಮಿ ಎಂಬ ಹೆಸರಿನಲ್ಲಿ ತೆರೆದವು. ಕೆಲಸಗಾರರಲ್ಲಿ ಬಹುಪಾಲು ಅದೇ ಹಳಬರು, ಯೂನಿಯನ್ ಕೂಡ ಅದೇ ಯು.ಎ.ಡಬ್ಲ್ಯು. ತಂಡದ ಮುಂದಾಳುಗಳನ್ನು ನೂರಾರು ಸಂಖ್ಯೆಯಲ್ಲಿ ಜಪಾನಿನ ತಕಓಕ ಕಾರ್ಖಾನೆಗೆ ಕಳಿಸಿ ಕೆಲಸ ತೋರಿಸಿದರು. ಲೈನಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ. ಸ್ಕ್ರೂ ಸರಿಯಾಗಿ ಕೂರಲಿಲ್ಲವೇ, ಎಳೆಯಿರಿ. ದೀಪ ಹತ್ತುತ್ತದೆ, ಒಂದು ರಾಗ ಕೇಳಿಸುತ್ತದೆ, ತಂಡದ ಮುಂದಾಳು ಓಡಿ ಬಂದು 'ಏನಾಯ್ತು?' ಎಂದು ಕೇಳುತ್ತಾನೆ, ಬೈಯುವುದಿಲ್ಲ. ಕಾರು ಆ ಜಾಗ ದಾಟುವುದರೊಳಗೆ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. 'ಏನಾಯ್ತು?' ಎಂಬುದು ಹಿಂದೆ ಅಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಚಕ್ಕರ್ ಹಾಕುವವರು ನೂರಕ್ಕೆ ಇಪ್ಪತ್ತರಿಂದ ಎರಡು ಮೂರಕ್ಕೆ ಇಳಿದರು. ಒಂದೆರಡು ವರ್ಷದಲ್ಲಿ ಜಿ.ಎಂ.ನ ಯಾವ ಕಾರ್ಖಾನೆಯೂ ಗುಣಮಟ್ಟದಲ್ಲಿ ಅದರ ಹತ್ತಿರ ಬರುವಂತಿರಲಿಲ್ಲ. 1980ರ ದಶಕದ ಕೊನೆಯಲ್ಲಿ ಮಾರಾಟ ಕುಸಿದಾಗ ಯಾರನ್ನೂ ಮನೆಗೆ ಕಳಿಸಲಿಲ್ಲ, ತರಬೇತಿಗೆ ಕೂರಿಸಿದರು.

ಯೂನಿಯನ್ನೇ ರೋಗವಾಗಿದ್ದರೆ ಅದೇ ಯೂನಿಯನ್ ಇದ್ದೂ ಈ ದೇಹ ಹೇಗೆ ಎದ್ದು ಕೂತಿತು, ಹೇಳಿ.

ಜಿ.ಎಂ. ಇದನ್ನು ಕಣ್ಣಾರೆ ಕಂಡೂ ಕಲಿಯಲಿಲ್ಲ. ಅಧ್ಯಕ್ಷ ರೋಜರ್ ಸ್ಮಿತ್ ರೋಬೋಗಳಿಗೆ ನೂರಾರು ಕೋಟಿ ಡಾಲರ್ ಸುರಿದರು. ಹ್ಯಾಮ್‌ಟ್ರ್ಯಾಮ್ಕ್‌ನ ಹೊಸ ಕಾರ್ಖಾನೆಯಲ್ಲಿ ಆ ರೋಬೋಗಳು ಕಾರು ಬಿಟ್ಟು ಒಂದಕ್ಕೊಂದು ಬಣ್ಣ ಬಳಿದುಕೊಂಡವು. (ಹೋಳಿ ಹಬ್ಬ ಅಲ್ಲಿಗೂ ತಲುಪಿತ್ತು ಅನ್ನಿ.) ಬೇರೆ ಕಾರ್ಖಾನೆಗಳಿಗೂ ಹಗ್ಗ ಕಟ್ಟಿ ನೋಡಿದರು. ಆದರೆ ಎಳೆದವನ ಮೇಲೆ ಕಣ್ಣು ಕೆಂಪಾಗುವ ಕಡೆ ಹಗ್ಗ ಬರೀ ಹಗ್ಗ.

ಇನ್ನು ಯೂನಿಯನ್ನಿನ ಪಾಪ. ನೀವು ಹೇಳಿದ ಕೂತು ಉಣ್ಣುವ ವ್ಯವಸ್ಥೆ, ಅವರದೇ ಮಾತಿನಲ್ಲಿ ಜಾಬ್ಸ್ ಬ್ಯಾಂಕ್, 1984ರ ಕರಾರಿನಲ್ಲಿ ಬಂತು. ಯಂತ್ರ ತಂದು ಜನರನ್ನು ತೆಗೆಯದಂತೆ ಕಂಪನಿಗೆ ಕಡಿವಾಣ ಹಾಕುವ ಉಪಾಯ ಅದು. ಅದು ಹೋಗಿ ಮುಟ್ಟಿದ್ದೆಲ್ಲಿಗೆ? ಸಾವಿರಾರು ಜನ ಬೆಳಿಗ್ಗೆ ಹಾಜರಿ ಹಾಕಿ, ಒಂದು ಹಾಲಿನಲ್ಲಿ ಕೂತು, ಪದಬಂಧ ತುಂಬಿಸಿ, ಹೆಚ್ಚೂಕಡಿಮೆ ಪೂರ್ತಿ ಸಂಬಳ ಪಡೆದು ಮನೆಗೆ ಹೋಗುವಲ್ಲಿಗೆ. 2009ರಲ್ಲಿ ಅದು ನಿಂತಿತು. ಅದನ್ನು ಸಮರ್ಥಿಸಲು ನನ್ನಲ್ಲಿ ಒಂದು ವಾಕ್ಯವೂ ಇಲ್ಲ. ಅದಕ್ಕಿಂತ ಹೆಚ್ಚು ನನ್ನನ್ನು ಚುಚ್ಚುವುದು ಇನ್ನೊಂದು: ಸಣ್ಣ ಕಾರು ಮಾಡಿ ಎಂದು 1949ರಲ್ಲಿ ಕೇಳಿದ ಸಂಘ, ಇಂಧನ ಉಳಿಸುವ ನಿಯಮ ಬಿಗಿಯಾಗಬೇಕೆಂಬ ಮಾತು ಬಂದಾಗ ಕಂಪನಿಗಳ ಪಕ್ಕದಲ್ಲೇ ನಿಂತು 'ಬೇಡ' ಎಂದಿತು. ದೊಡ್ಡ ಗಾಡಿಗಳ ಲಾಭದಲ್ಲಿ ಪಾಲು ಬರುತ್ತಿತ್ತಲ್ಲ. ಆಮೇಲೆ ಭ್ರಷ್ಟಾಚಾರ. ಮಾಜಿ ಅಧ್ಯಕ್ಷರಾದ ಗ್ಯಾರಿ ಜೋನ್ಸ್ ಮತ್ತು ಡೆನಿಸ್ ವಿಲಿಯಮ್ಸ್ ಸಂಘದ ಹಣ ದುರುಪಯೋಗದಲ್ಲಿ 2020ರಲ್ಲಿ ತಪ್ಪೊಪ್ಪಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಇದರ ಪಕ್ಕದಲ್ಲಿ ಜರ್ಮನಿಯನ್ನಿಟ್ಟು ನೋಡಿ. ಅಲ್ಲಿನ ಐ.ಜಿ. ಮೆಟಾಲ್ ಸಂಘ ಯು.ಎ.ಡಬ್ಲ್ಯು.ಗಿಂತ ಎಷ್ಟೋ ದೊಡ್ಡದು, ಕೂಲಿಯೂ ಕಡಿಮೆಯಲ್ಲ. ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ಕೆಲಸಗಾರರಿಗೆ ಎಂಬುದು ಕಾನೂನು. ಜಿ.ಎಂ. ದಿವಾಳಿ ಅರ್ಜಿ ಹಾಕಿದಾಗ, ಅಂದರೆ 2009ರ ಜೂನ್ 1ರಂದು, ಬಿಎಂಡಬ್ಲ್ಯು ಮತ್ತು ಫೋಕ್ಸ್‌ವ್ಯಾಗನ್ ನಿಂತೇ ಇದ್ದವು. ವಿಮೆಯ ಹೊರೆ ಸರ್ಕಾರಿ ವ್ಯವಸ್ಥೆಯ ಮೂಲಕ ಇಡೀ ಸಮಾಜದ ಮೇಲೆ ಹಂಚಿಹೋಗಿದ್ದದ್ದೂ ಅವಕ್ಕೆ ಅನುಕೂಲವಾಯಿತು. ಇಂದು ಅವಕ್ಕೂ ಕಷ್ಟ ಬಂದಿದೆ, ಅದು ಬೇರೆ ಕಥೆ.

1979ರಲ್ಲಿ 15 ಲಕ್ಷವಿದ್ದ ಯು.ಎ.ಡಬ್ಲ್ಯು. ಸದಸ್ಯರು ಈಗ 4 ಲಕ್ಷದ ಒಳಗೆ. 2007ರಲ್ಲಿ ಹೊಸಬರಿಗೆ ಗಂಟೆಗೆ 14 ಡಾಲರ್ ಎಂದು ಸಂಘವೇ ಒಪ್ಪಿ, ಒಂದೇ ಕೆಲಸಕ್ಕೆ ಎರಡು ಕೂಲಿ ಮಾಡಿತು. 2023ರ ಮುಷ್ಕರದಲ್ಲಿ ಅದನ್ನು ಬಹುಮಟ್ಟಿಗೆ ಸರಿಪಡಿಸಿಕೊಂಡಿದ್ದಾರೆ, ಶೇ. 25 ಏರಿಕೆಯನ್ನೂ ಪಡೆದಿದ್ದಾರೆ. ಮರುವರ್ಷ ಟೆನೆಸಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ, ಯೂನಿಯನ್ ಬೇಕೇ ಎಂಬ ಮತದಾನದಲ್ಲಿ ಹಿಂದೆ ಎರಡು ಸಲ ಸೋತಲ್ಲೇ, ಗೆದ್ದರು. ನುಮ್ಮಿ 2010ರಲ್ಲಿ ಮುಚ್ಚಿತು. ಆ ಕಟ್ಟಡದಲ್ಲಿ ಈಗ ಟೆಸ್ಲಾ ಕಾರು ತಯಾರಾಗುತ್ತದೆ. ಅಲ್ಲಿ ಯೂನಿಯನ್ ಇಲ್ಲ.

ಕೊನೆಗೆ ನಿಮ್ಮ ತಂಗಿಯ ಮಗ. ಅವನು ಯಾವ ಕಾರ್ಖಾನೆಯಲ್ಲಿದ್ದಾನೋ ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್‌ನಲ್ಲಿ ಮುಷ್ಕರ, ಬೀಗಮುದ್ರೆ ಎಲ್ಲ ಆಗಿ ತಿಂಗಳುಗಟ್ಟಲೆ ಎಳೆದದ್ದು ಅವನಿಗೆ ಗೊತ್ತಿರುತ್ತದೆ. ಅಲ್ಲಿ ಕೆಲಸಗಾರರ ಮುಖ್ಯ ದೂರು ಸಂಬಳದ್ದಾಗಿರಲಿಲ್ಲ, ಕೆಲಸದ ಒತ್ತಡದ್ದು, ಲೈನಿನ ವೇಗದ್ದು. ಫ್ಲಿಂಟ್‌ನಲ್ಲಿ ಸೀಟಿನ ಮೇಲೆ ಮಲಗಿದವರ ದೂರೇ.

ಬೇಡ ಎಂದು ನೀವು ಹೇಳಿದ್ದು ಆತುರವಾಯಿತು ಎಂದು ನನ್ನ ಅಭಿಪ್ರಾಯ. ಸೇರುವುದು ಬಿಡುವುದು ಅವನಿಗೆ ಬಿಟ್ಟದ್ದು. ಮುಂದಿನ ಸಲ ಫೋನ್ ಮಾಡಿದಾಗ ಎರಡು ಮಾತು ಕೇಳಿ. ಒಂದು ಕಾರು ಅವನ ಮುಂದೆ ಎಷ್ಟು ಸೆಕೆಂಡ್ ನಿಲ್ಲುತ್ತದೆ? ಅವನು ಹಗ್ಗ ಎಳೆದರೆ ಓಡಿ ಬಂದವರು ಏನು ಕೇಳುತ್ತಾರೆ? ಉತ್ತರ ಬಂದರೆ ನಮಗೂ ಬರೆಯಿರಿ, ಅವನ ಹೆಸರು ಹಾಕದೆ ಪ್ರಕಟಿಸುತ್ತೇವೆ.

– ಸಂಪಾದಕ