ಅಟ್ಟ ಖಾಲಿಯಾಯಿತು ಸರಿ, ಆ ಕಪ್ಪು ಬಟ್ಟೆ ಎಲ್ಲಿ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಮಾವನವರು ತೀರಿಕೊಂಡ ಮೇಲೆ ಅಟ್ಟದ ಕೋಣೆಯನ್ನು ಖಾಲಿ ಮಾಡಿದೆ. ಕೆಟ್ಟ ಮಿಕ್ಸಿ, ತುಕ್ಕು ಹಿಡಿದ ಡಬ್ಬಗಳು, ಮೂರು ತಲೆಮಾರಿನ ಕಾಗದದ ಕಟ್ಟುಗಳು, ಹುಳು ತಿಂದ ಕಪ್ಪು ಬಟ್ಟೆಯ ಒಂದು ಮಡಿಕೆ, ಎಲ್ಲವೂ ಕಳೆದ ವಾರ ಗುಜರಿಗೆ ಹೋದವು. ಮಾವನವರ ತಂದೆ ಶಾನುಭೋಗರಾಗಿದ್ದರಂತೆ. ಆ ಲೆಕ್ಕಪತ್ರ ಈಗ ಯಾರಿಗೆ ಬೇಕು? ಅಲ್ಲೀಗ ಧ್ಯಾನಕ್ಕೆ ಕೂರುತ್ತೇನೆ. ಹಳೆಯದನ್ನು ಬಿಟ್ಟರೆ ತಾನೆ ನಾವು ಬೆಳೆಯುವುದು? ನಿಮ್ಮ ಪತ್ರಿಕೆ ಮಾತ್ರ ಹಳೆಯದಕ್ಕೆಲ್ಲ ಕಣ್ಣೀರು ಹಾಕುತ್ತದೆ.’

ಸಂಪಾದಕರ ಉತ್ತರ:

ಪತ್ರ ಚೆನ್ನಾಗಿದೆ, ಅಕ್ಷರ ಇನ್ನೂ ಚೆನ್ನಾಗಿದೆ. ಕೈಬರಹದ ಪತ್ರಗಳೇ ಅಪರೂಪವಾದ ಈ ಕಾಲದಲ್ಲಿ ನಿಮ್ಮ ಮೇಲೆ ರೇಗುವುದು ಕಷ್ಟ. ಆದರೂ ರೇಗುತ್ತೇನೆ.

ಮಿಕ್ಸಿ ಹೋದದ್ದು ಒಳ್ಳೆಯದಾಯಿತು. ಡಬ್ಬಗಳಿಗೂ ನನ್ನ ಅಭ್ಯಂತರವಿಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ, ಸಂತೋಷ ಕೊಡದಿದ್ದರೆ ಧನ್ಯವಾದ ಹೇಳಿ ಬೀಳ್ಕೊಡಿ ಎನ್ನುವ, ಮನೆ ಒಪ್ಪವಾಗಿಡುವ ಪಾಠ ಹೇಳುವ ಜಪಾನಿನ ಮರಿ ಕೊಂಡೊ ಅವರ ಸಲಹೆ ಬಟ್ಟೆಬರೆಗಳ ಮಟ್ಟಿಗೆ ಸರಿಯೇ. ಮೂರು ಮಕ್ಕಳಾದ ಮೇಲೆ ತಮ್ಮ ಮನೆಯೇ ಅಷ್ಟು ಒಪ್ಪವಾಗಿಲ್ಲ ಎಂದು 2023ರಲ್ಲಿ ಅವರು ಹೇಳಿಕೊಂಡ ದಿನದಿಂದ ಅವರ ಮೇಲೆ ನನಗೆ ಸ್ವಲ್ಪ ಪ್ರೀತಿಯೂ ಹುಟ್ಟಿದೆ. ಆದರೆ ಶಾನುಭೋಗರ ಲೆಕ್ಕ ಯಾರಿಗೂ ಸಂತೋಷ ಕೊಡಲೆಂದು ಬರೆದದ್ದಲ್ಲವಲ್ಲ, ತಾಯಿ!

ಇನ್ನು ಆ ಕಪ್ಪು ಬಟ್ಟೆ. ನೀವು ಬರೆದಿರುವುದನ್ನು ನೋಡಿದರೆ ಅದು ಕಡತವಾಗಿರಬೇಕು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪುಸ್ತಕದ ಹಾಗೆ ಹಿಂದೆ ಮುಂದೆ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಅದರ ಮೇಲೆಯೇ ಮತ್ತೆ ಬರೆಯಬಹುದಿತ್ತು. ಯಾರ ಹೊಲ ಯಾವ ಕೆರೆಯ ಕೆಳಗಿತ್ತು, ಯಾವ ವರ್ಷ ಮಳೆ ಕೈಕೊಟ್ಟು ಯಾರ ಕಂದಾಯ ಬಾಕಿ ಉಳಿಯಿತು ಎಂಬುದನ್ನೆಲ್ಲ ಊರಿನಲ್ಲಿ ಬರೆದಿಡುತ್ತಿದ್ದವರು ಶಾನುಭೋಗರು. ನೀವು ಅದನ್ನು ತೂಕಕ್ಕೆ ಹಾಕಿದ್ದೀರಿ.

ಯಾರಿಗೆ ಬೇಕು ಎಂದು ಕೇಳಿದ್ದೀರಿ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿಯಲ್ಲಿ ಒಂದು ಕಟ್ಟು ಸಿಕ್ಕಿತು. ಅದರಲ್ಲಿದ್ದವು ಟಿಪ್ಪು ಸುಲ್ತಾನ್ ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ್ದ ಪತ್ರಗಳು. 1791ರಲ್ಲಿ ಮರಾಠಾ ದಂಡಿನವರು ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಪಟ್ಟ ಸಂಕಟ, ಕಳುಹಿಸಿದ ನೆರವು ಎರಡೂ ಅವುಗಳಲ್ಲಿವೆ. ಇಂದು ಟಿಪ್ಪುವಿನ ಹೆಸರೆತ್ತಿದರೆ ಜಗಳಕ್ಕೆ ನಿಲ್ಲುವ ಎರಡೂ ಕಡೆಯವರು ಆ ಪತ್ರಗಳಿಗೆ ಉತ್ತರ ಹೇಳಿಯೇ ಮುಂದೆ ಹೋಗಬೇಕು. ನೂರಿಪ್ಪತ್ತು ವರ್ಷಗಳಲ್ಲಿ ಮಠದ ಯಾರಿಗಾದರೂ ಜಾಗ ಖಾಲಿ ಮಾಡುವ ಉಮೇದು ಬಂದಿದ್ದರೆ?

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆ, ಮಠಗಳನ್ನು ಸುತ್ತಿ ವಚನದ ತಾಡೆಯೋಲೆಗಳನ್ನು ಕಲೆಹಾಕಿದರು. ಎಷ್ಟೋ ಮನೆಗಳಲ್ಲಿ ಓಲೆಗರಿಗೆ ಪೂಜೆಯಿತ್ತು, ಓದುವವರಿರಲಿಲ್ಲ. ಪೂಜೆಯಾದರೂ ಇದ್ದದ್ದರಿಂದ ಅವು ಉಳಿದವು ಎಂಬುದು ನನ್ನ ಲೆಕ್ಕ. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಬಂತು. ಮುಂದೆ ಮುದ್ರಣಾಲಯಕ್ಕಾಗಿ ಹಳಕಟ್ಟಿಯವರು ಮನೆಯನ್ನೇ ಮಾರಿದರು. ಬಿಡುವುದೆಂದರೆ ಹಾಗೆ ಬಿಡಬೇಕು: ಮನೆ ಹೋಯಿತು, ಓಲೆ ಉಳಿಯಿತು.

ವೈರಾಗ್ಯವೂ ನಮ್ಮ ಪರಂಪರೆಯೇ, ಶ್ರವಣಬೆಳಗೊಳದ ಬಾಹುಬಲಿಯನ್ನು ನೋಡಿ ಎಂದು ನೀವು ಹೇಳಬಹುದು. ನೋಡಿದ್ದೇನೆ. ಮೈಮೇಲೆ ಎಳೆ ನೂಲೂ ಇಲ್ಲದೆ ನಿಂತ ಅವನ ಕಾಲ ಬಳಿಯೇ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂದು ಕೆತ್ತಿಸಿಟ್ಟಿದ್ದಾರೆ. ಎಲ್ಲವನ್ನೂ ಬಿಟ್ಟವನ ಪಕ್ಕದಲ್ಲಿಯೂ ನಮ್ಮವರಿಗೆ ಒಂದು ದಾಖಲೆ ಬೇಕಾಗಿತ್ತು.

ನನ್ನ ಮೇಜಿನ ಮೇಲೆ ತೀರ್ಥಹಳ್ಳಿ ಕಡೆಯ ಯಾವುದೋ ಮನೆಯ ಜಮಾಖರ್ಚಿನ ಪುಸ್ತಕವಿದೆ. ರದ್ದಿ ಅಂಗಡಿಯಲ್ಲಿ ಕೊಂಡದ್ದು. ಸೀಮೆ ಎಣ್ಣೆ, ಎತ್ತಿನ ಲಾಳ, ಶ್ರಾದ್ಧದ ದಕ್ಷಿಣೆಗಳ ನಡುವೆ ಒಂದು ಸಾಲು: ‘ಸುಬ್ಬನಿಗೆ ಮೈಸೂರಿಗೆ ಹೋಗಲು ಕೈಗಡ 3 ರೂ., ವಾಪಸು ಬರುವುದಿಲ್ಲ.’ ಹಣವೋ ಸುಬ್ಬನೋ ಎಂದು ಬರೆದವರು ಹೇಳಿಲ್ಲ. ವ್ಯಕ್ತಿತ್ವ ವಿಕಸನದ ಯಾವ ಪುಸ್ತಕವೂ ನನ್ನನ್ನು ಅಷ್ಟು ಹೊತ್ತು ಹಿಡಿದು ಕೂರಿಸಿಲ್ಲ.

ಹೌದು, ಆ ಪುಸ್ತಕಗಳು! ಅಂಗಡಿಗೆ ಹೋದರೆ ಎದುರು ಕಪಾಟೆಲ್ಲ ಅವೇ, ಕವಿತೆ ಕೇಳಿದರೆ ಮೆಟ್ಟಿಲ ಕೆಳಗಿನ ಮೂಲೆ ತೋರಿಸುತ್ತಾರೆ. ಗ್ರಂಥಾಲಯಗಳಲ್ಲಿಯೂ ಈಗ ಜಾಗ ಮಾಡುವ ಗೀಳು. ನಾನು ಬಲ್ಲ ಒಂದು ಗ್ರಂಥಾಲಯದಲ್ಲಿ ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ರದ್ದಿಗೆ ಹಾಕಿ, ಆ ಜಾಗದಲ್ಲಿ ಸೋಫಾ ಇಟ್ಟರು. ಮನೆಗಳದ್ದೂ ಇದೇ ಕಥೆ. ಅಜ್ಜನ ಪೆಟ್ಟಿಗೆಗೆ ಜಾಗವಿಲ್ಲ, ದಸರಾ ರಿಯಾಯಿತಿಯಲ್ಲಿ ಬಂದ ಏರ್ ಫ್ರೈಯರ್‌ಗೆ ಇದೆ. ನಿಮ್ಮ ಧ್ಯಾನದ ಕೋಣೆ ಮುಂದಿನ ದೀಪಾವಳಿಯವರೆಗೆ ಖಾಲಿ ಉಳಿದರೆ ಪತ್ರ ಬರೆಯಿರಿ, ಪ್ರಕಟಿಸುತ್ತೇನೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಗುಜರಿಯವರು ಕಾಗದವನ್ನು ಅದೇ ದಿನ ಗಿರಣಿಗೆ ಕಳುಹಿಸುವುದಿಲ್ಲ, ಲೋಡು ತುಂಬುವವರೆಗೆ ಗೋದಾಮಿನಲ್ಲಿ ಪೇರಿಸಿಡುತ್ತಾರೆ. ಈ ಉತ್ತರ ಅಚ್ಚಾಗುವವರೆಗೆ ಕಾಯದೆ ನಿಮಗೆ ಪ್ರತ್ಯೇಕವಾಗಿ ಒಂದು ಕಾರ್ಡು ಹಾಕಿದ್ದೇನೆ. ಸಿಕ್ಕ ಕೂಡಲೇ ಹೋಗಿ ವಿಚಾರಿಸಿ, ಅವರು ಕೇಳಿದಷ್ಟು ಕೊಟ್ಟು ಬಿಡಿಸಿಕೊಳ್ಳಿ. ಕಪ್ಪು ಬಟ್ಟೆಯನ್ನು ಮಾತ್ರ ಒರೆಸಬೇಡಿ, ಒದ್ದೆ ಮಾಡಬೇಡಿ. ಮನೆಯಲ್ಲಿ ಇಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ನಮ್ಮ ಕಚೇರಿಗೆ ಕಳುಹಿಸಿ, ಪಾರ್ಸೆಲ್ ಖರ್ಚು ನಮ್ಮದು.