ಮೊದಲು ಗಡಿಯಾರ, ಆಮೇಲೆ ಡಬ್ಬಿ

ಪತ್ರ: ಪ್ರವಾಹ, ಭೂಕಂಪ, ಬೆಂಕಿ ಏನೇ ಬರಲಿ, ಮೊದಲ ಕೆಲವು ಗಂಟೆ ನಮ್ಮನ್ನು ನಾವೇ ನೋಡಿಕೊಳ್ಳಬೇಕು. ಅದಕ್ಕೇ ನಾನು ಮನೆಯಲ್ಲಿ ಒಂದು ಡಬ್ಬಿ ಸಿದ್ಧ ಮಾಡಿಟ್ಟಿದ್ದೇನೆ. ಸುಟ್ಟರೆ ಟೂತ್‌ಪೇಸ್ಟ್, ಕೆಮ್ಮಿಗೆ ಜೇನು, ಹಾವು ಕಚ್ಚಿದರೆ ಕಟ್ಟೋಕೆ ದಾರ, ಕೊಯ್ಯೋಕೆ ಬ್ಲೇಡು, ಹೀಗೆ 27 ಸಾಮಾನು. ಪಟ್ಟಿ ಕಳಿಸಿದ್ದೇನೆ, ಪ್ರಕಟಿಸಿ. ಪ್ರಥಮ ಚಿಕಿತ್ಸೆಗೆ ತರಬೇತಿ ಬೇಕು ಅಂತ ದೊಡ್ಡದು ಮಾಡೋದು ಯಾಕೆ? ನಮ್ಮ ಅಜ್ಜಿ ಯಾವ ತರಬೇತಿಗೆ ಹೋಗಿದ್ದರು? 8 ಮಕ್ಕಳನ್ನು ಸಾಕಲಿಲ್ವಾ? ಇನ್ನೊಂದು ಪ್ರಶ್ನೆ, ಡಬ್ಬಿಯನ್ನು ಎಲ್ಲಿಟ್ಟರೆ ಒಳ್ಳೆಯದು?
– ಒಬ್ಬ ಓದುಗರು

ಸಂಪಾದಕರ ಉತ್ತರ: ಮೊದಲು ನಿಮಗೊಂದು ಶಹಬ್ಬಾಸ್. ಆಪತ್ತು ಬರೋ ಮುಂಚೆ ಯೋಚನೆ ಮಾಡುವವರು ಕಡಿಮೆ. ಕೂತು ಪಟ್ಟಿ ಬರೆಯುವವರು ಇನ್ನೂ ಕಡಿಮೆ. ನಿಮ್ಮ ಜೇನಿನ ಬಗ್ಗೆಯೂ ನನ್ನ ತಕರಾರಿಲ್ಲ. ಕೆಮ್ಮಿಗೆ ಒಂದು ಚಮಚ ಜೇನು ಒಳ್ಳೆಯದೇ. 1 ವರ್ಷ ತುಂಬದ ಮಗುವಿಗೆ ಮಾತ್ರ ಕೊಡಬಾರದು. ಮನೆಮದ್ದಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದ್ದಾಯ್ತು. ಇನ್ನು ಜಗಳಕ್ಕೆ ಬರೋಣ.

ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಹಚ್ಚೋಕೆ, ಕುಡಿಸೋಕೆ, ಕಟ್ಟೋಕೆ, ಕೊಯ್ಯೋಕೆ ಎಲ್ಲ ಇದೆ. ಒತ್ತಿ ಹಿಡಿಯೋಕೆ ಒಂದು ಶುಭ್ರವಾದ ಬಟ್ಟೆ ಇಲ್ಲ. ನೀರಿನ ಮಾತೇ ಇಲ್ಲ. ಗಡಿಯಾರವಂತೂ ನಿಮಗೆ ಹೊಳೆದೇ ಇಲ್ಲ. ನನ್ನ ಪ್ರಕಾರ ಪ್ರಥಮ ಚಿಕಿತ್ಸೆಯ ಮುಕ್ಕಾಲು ಭಾಗ ಇವೇ: ನೀರು, ಬಟ್ಟೆ, ಅಂಗೈ, ಗಡಿಯಾರ.

ಇದು ಪುಸ್ತಕ ಓದಿ ಹೇಳುತ್ತಿರುವ ಮಾತಲ್ಲ. ಕೆಲವು ವರ್ಷಗಳ ಹಿಂದೆ ಕಚೇರಿಯಲ್ಲಿ ಕೆಟಲ್ ಮಗುಚಿ ಕುದಿಯೋ ನೀರು ನನ್ನ ಎಡಗೈ ಮೇಲೆ ಬಿತ್ತು. ಸಿಂಕ್ ನಾಲ್ಕೇ ಹೆಜ್ಜೆ ದೂರ. ಆ ಕಡೆ ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಒಬ್ಬರು ಐಸ್ ಹುಡುಕಲು ಓಡಿದರು. ಇನ್ನೊಬ್ಬರು ಬೆಣ್ಣೆ ಅಂದರು. ಮತ್ತೊಬ್ಬರ ಬ್ಯಾಗಿನಲ್ಲಿ ಟೂತ್‌ಪೇಸ್ಟ್ ಇತ್ತು, ಅವರು ಗೆದ್ದರು. ಹಚ್ಚಿದಾಗ ತಣ್ಣಗೆ ಹಾಯೆನಿಸಿತು, ಸುಳ್ಳು ಹೇಳಲ್ಲ. ಅರ್ಧ ಗಂಟೆಯಲ್ಲಿ ಪೇಸ್ಟ್ ಒಣಗಿ ಗಾರೆ ಹಾಗಾಯ್ತು. ಒಳಗೆ ಧಗಧಗ. ಬೆರಳು ಊದಿ ಉಂಗುರ ಮಾಂಸದೊಳಗೆ ಹೂತುಹೋಯ್ತು. ಆಸ್ಪತ್ರೆಯಲ್ಲಿ ನರ್ಸ್ ಒದ್ದೆ ಬಟ್ಟೆಯಿಂದ ಆ ಗಾರೆಯನ್ನು ನೆನೆಸಿ ನೆನೆಸಿ ತೆಗೆದರು. ಅದರ ಜೊತೆ ಚರ್ಮವೂ ಬಂತು. ಆಮೇಲೆ ಪುಟ್ಟ ಗಾಲಿಯಂಥ ಕಟ್ಟರ್ ತಂದು, ಕೀಲಿ ತಿರುಗಿಸಿದ ಹಾಗೆ ತಿರುಗಿಸುತ್ತಾ ಉಂಗುರ ಕತ್ತರಿಸಿದರು. ಅಷ್ಟು ಹೊತ್ತಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಷ್ಟು ಹೊತ್ತು ಬಿಟ್ರಿ?"

20 ನಿಮಿಷ ಬಿಡಬೇಕಿತ್ತು. ಹರಿಯುವ ತಣ್ಣೀರು, ಐಸ್ ಅಲ್ಲ. ತಕ್ಷಣ ಆಗಲಿಲ್ಲ ಅಂದರೂ 3 ಗಂಟೆಯೊಳಗೆ ಬಿಟ್ಟರೆ ಪ್ರಯೋಜನ ಇದೆ. ಊತ ಬರೋ ಮುಂಚೆ ಉಂಗುರ, ಬಳೆ, ವಾಚು ಬಿಚ್ಚಬೇಕು. ನಲ್ಲಿಯ ಕೆಳಗೆ ಕೈ ಹಿಡಿದು ಗಡಿಯಾರ ನೋಡುತ್ತಾ ನಿಂತು ನೋಡಿ, 20 ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗುತ್ತೆ. ಎರಡು ನಿಮಿಷಕ್ಕೇ ಯಾರೋ "ಸಾಕು, ಏನಾದ್ರೂ ಹಚ್ಚೋಣ" ಅನ್ನುತ್ತಾರೆ. ಹಚ್ಚಿದರೆ ಸಮಾಧಾನ ಆಗೋದು ಹಚ್ಚಿದವರಿಗೆ.

ಮೂಗಿನಲ್ಲಿ ರಕ್ತ ಬಂದಾಗಲೂ ಇದೇ ಕಥೆ. ತಲೆ ಹಿಂದಕ್ಕೆ ಬಾಗಿಸಿ ರಕ್ತ ನುಂಗಿಸುತ್ತೇವೆ. ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಂತಿತಾ ಅಂತ ನಡುವೆ ಬಿಟ್ಟು ನೋಡೋ ಚಪಲವೇ ಕೆಲಸ ಕೆಡಿಸೋದು. ಗಾಯಕ್ಕೆ ಒತ್ತಿದ ಬಟ್ಟೆ ರಕ್ತದಲ್ಲಿ ತೊಯ್ದರೆ ಅದನ್ನು ಕೀಳಬೇಡಿ, ಮೇಲೆ ಇನ್ನೊಂದಿಟ್ಟು ಒತ್ತಿ.

ಹಾವಿನ ವಿಷಯಕ್ಕೆ ನೀವಿಟ್ಟ ದಾರ, ಬ್ಲೇಡು ಎರಡನ್ನೂ ಇವತ್ತೇ ಡಬ್ಬಿಯಿಂದ ತೆಗೆಯಿರಿ. ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿಸಿಕೊಂಡವರನ್ನು ಓಡಾಡಿಸದೆ, ಮೂಳೆ ಮುರಿದವರಿಗೆ ಮಾಡುವ ಹಾಗೆ ಆ ಕೈಯನ್ನೋ ಕಾಲನ್ನೋ ಅಲುಗದಂತೆ ಇರಿಸಿ, ಆ್ಯಂಟಿವೆನಮ್ (ಹಾವಿನ ವಿಷ ಇಳಿಸುವ ಮದ್ದು) ಸಿಗುವ ಆಸ್ಪತ್ರೆಗೆ ಸಾಗಿಸಬೇಕು.

ಮನೆಮದ್ದನ್ನು ನಾನು ದ್ವೇಷಿಸುತ್ತೇನೆ ಅಂದುಕೊಳ್ಳಬೇಡಿ. ಜಗತ್ತಿನಲ್ಲಿ ಅತಿ ಹೆಚ್ಚು ಜೀವ ಉಳಿಸಿದ ಮದ್ದುಗಳಲ್ಲಿ ಒಂದನ್ನು ಅಡುಗೆಮನೆಯಲ್ಲೇ ಮಾಡಬಹುದು. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟರು. ರೋಗಿಗಳ ಮನೆಯವರೇ ಲೋಟದಲ್ಲಿ ತೆಗೆದು ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇವತ್ತು ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇಲ್ಲಿ "ಒಂದು ಚಿಟಿಕೆ", "ಕೈಯಂದಾಜು" ನಡೆಯಲ್ಲ. ಉಪ್ಪು ಜಾಸ್ತಿಯಾದರೆ ಮಗುವಿನ ಜೀವಕ್ಕೇ ಅಪಾಯ. ಅಳತೆಗೆ ಒಪ್ಪಿ ನಿಲ್ಲುವ ಮನೆಮದ್ದು ಯಾವುದಿದ್ದರೂ ತನ್ನಿ, ನಾನೇ ಪ್ರಕಟಿಸುತ್ತೇನೆ.

ಇನ್ನು ನಿಮ್ಮ ಅಜ್ಜಿ. ನಮ್ಮಜ್ಜಿಯೂ 7 ಮಕ್ಕಳನ್ನು ಸಾಕಿದಳು. ಹೆತ್ತದ್ದು 10.

ತರಬೇತಿ ಯಾಕೆ ಅಂದಿರಿ. ನಿಂತ ಹೃದಯಕ್ಕೆ ಎದೆಯ ಹೊರಗಿನಿಂದಲೇ ಒತ್ತಡ ಕೊಡುವ ವಿಧಾನವನ್ನು 1960ರಲ್ಲಿ ಮೂವರು ಅಮೆರಿಕನ್ ಸಂಶೋಧಕರು ಪ್ರಕಟಿಸಿದರು. ಯಾರು ಬೇಕಾದರೂ, ಎಲ್ಲಿ ಬೇಕಾದರೂ ಶುರು ಮಾಡಬಹುದು, ಎರಡು ಕೈ ಇದ್ದರೆ ಸಾಕು ಅಂತ ಅವರೇ ಬರೆದಿದ್ದಾರೆ. ಆ ಮಾತು ನಂಬಿ ನಾನೂ ಒಂದು ತರಬೇತಿಗೆ ಹೋದೆ. ನಿಮಿಷಕ್ಕೆ 100ರಿಂದ 120 ಸಲ, ಎದೆ 5 ಸೆಂಟಿಮೀಟರಾದರೂ ತಗ್ಗುವ ಹಾಗೆ. ಓದೋಕೆ ಎಷ್ಟು ಸುಲಭ! ಬೊಂಬೆಯ ಎದೆ ಒತ್ತುತ್ತಾ ಒಂದು ನಿಮಿಷಕ್ಕೇ ನನ್ನ ಕನ್ನಡಕದ ಮೇಲೆ ಬೆವರು ಇಳಿಯಿತು. ಹೇಳಿಕೊಡುತ್ತಿದ್ದ ಹುಡುಗಿ ಪಕ್ಕದಲ್ಲಿ ಕೂತು, "ಸರ್, ನೀವು ಒತ್ತುತ್ತಾ ಇಲ್ಲ, ಸವರುತ್ತಾ ಇದ್ದೀರ" ಅಂದಳು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಅಂತ ಯಾಕೆ ಹೇಳುತ್ತಾರೆ ಅನ್ನೋದು ಅವತ್ತು ನನ್ನ ಮೊಣಕೈಗೆ ಅರ್ಥವಾಯ್ತು.

ಶಾಲೆಯಲ್ಲಿ ದೇಹದಲ್ಲಿ 206 ಮೂಳೆ ಅಂತ ಬಾಯಿಪಾಠ ಮಾಡಿದೆವು. ಅದರಲ್ಲಿ ಒಂದು ಮುರಿದರೆ ಹೇಗೆ ಎತ್ತಿಕೊಳ್ಳಬೇಕು ಅಂತ ಯಾರೂ ತೋರಿಸಲಿಲ್ಲ. ಪರೀಕ್ಷೆಯಲ್ಲಿ ಅಂಕ ಇರೋದು ಎಣಿಸಿದವರಿಗೆ. ದೊಡ್ಡವರಾದ ಮೇಲೆ ಮೊಬೈಲಿಗೆ ಬಂದ "10 ಅದ್ಭುತ ಮನೆಮದ್ದು"ಗಳನ್ನು ಹತ್ತು ಜನಕ್ಕೆ ದಾಟಿಸಿ ಸಮಾಜಸೇವೆ ಮುಗಿಸುತ್ತೇವೆ. ನಮ್ಮಂಥ ಪತ್ರಿಕೆಯವರು ಇನ್ನೂ ಕಡೆ. ಪುಟದ ಕೆಳಗೆ ನಾಲ್ಕು ಸಾಲು ಜಾಗ ಉಳಿದರೆ ಏನಾದರೊಂದು ಮದ್ದು ತುರುಕುತ್ತೇವೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಒಳ್ಳೆಯದು ಅಂತ ನಾವೂ ಒಮ್ಮೆ ಹಾಗೇ ಹಾಕಿದ್ದೆವು. ಅವತ್ತು ಬ್ಯಾಗಿನಿಂದ ಪೇಸ್ಟ್ ತೆಗೆದವರು ಅದನ್ನು ಎಲ್ಲಿ ಓದಿದ್ದರು ಅಂತ ನಾನು ಕೇಳಿಲ್ಲ. ಧೈರ್ಯ ಬಂದಿಲ್ಲ.

ಆದ್ದರಿಂದ ಪಟ್ಟಿಯನ್ನು ಪ್ರಕಟಿಸುತ್ತಿಲ್ಲ, ಬೇಜಾರು ಮಾಡ್ಕೋಬೇಡಿ. ಡಬ್ಬಿ ಎಲ್ಲಿಡಬೇಕು ಅನ್ನೋದಕ್ಕೆ ಉತ್ತರ: ಬಚ್ಚಲುಮನೆಯಲ್ಲಿ ಬೇಡ, ಹಬೆಗೆ ಮಾತ್ರೆ, ಬ್ಯಾಂಡೇಜು ಎಲ್ಲ ಹಾಳಾಗುತ್ತೆ. ಪುಟ್ಟ ಮಕ್ಕಳಿಗೆ ಎಟುಕಬಾರದು, ದೊಡ್ಡವರೆಲ್ಲರಿಗೂ ಗೊತ್ತಿರಬೇಕು. ನಮ್ಮ ಕಚೇರಿಯಲ್ಲೂ ಒಂದಿತ್ತು, ಬೀರುವಿನ ಒಳಗೆ. ಬೀರುವಿನ ಕೀಲಿ ಅವತ್ತು ರಜೆಯಲ್ಲಿತ್ತು.